ಕ್ಯಾಂಪಿಗೆ ಬಿರಿಯಾನಿ ಬೇಡ, ಖಿಚಡಿ ಸಾಕು

ಡಿಸೆಂಬರ್ ಕ್ಯಾಂಪಿನ ನೋಟಿಸು ಇನ್ನೂ ಬೋರ್ಡಿಗೆ ಬಂದಿಲ್ಲ. ತಾರೀಖು ಯಾವುದು, ಜೊತೆಗೆ ಯಾವ ಸರ್ ಬರುತ್ತಾರೆ ಎಂಬುದೂ ತೀರ್ಮಾನವಾಗಿಲ್ಲ. ಈ ಸಲವೂ ಕೆಮ್ಮಣ್ಣುಗುಂಡಿ ಕಡೆಗೇ, ಕಳೆದ ವರ್ಷ ಡೇರೆ ಹಾಕಿದ್ದ ಕಾಫಿ ತೋಟದ ಬಯಲಿಗೇ ಹೋಗುತ್ತೇವೆ ಎಂಬ ಮಾತಿದೆ, ಅಷ್ಟೆ. ಆದರೆ ಕ್ಯಾಂಟೀನಿನಲ್ಲಿ ಊಟದ ಚರ್ಚೆ ಮಾತ್ರ ಆಗಲೇ ಜೋರಾಗಿದೆ. ಚಿಕನ್ ಬಿರಿಯಾನಿಯೋ, ಮಟನ್ ಬಿರಿಯಾನಿಯೋ? ಕಬಾಬ್ ಮೊದಲ ರಾತ್ರಿಯೋ, ಎರಡನೇ ರಾತ್ರಿಯೋ? ಅಡುಗೆಯವರನ್ನು ಇಲ್ಲಿಂದಲೇ ಕರೆದುಕೊಂಡು ಹೋಗೋಣವೋ, ಅಲ್ಲೇ ಯಾರಿಗಾದರೂ ಗುತ್ತಿಗೆ ಕೊಡೋಣವೋ?

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಬಿರಿಯಾನಿಯೂ ಬೇಡ, ಕಬಾಬೂ ಬೇಡ, ಅಡುಗೆಯವರೂ ಬೇಡ. ಖಿಚಡಿ, ಅವಲಕ್ಕಿ, ಉಪ್ಪಿಟ್ಟು, ಮಂಡಕ್ಕಿ, ರೊಟ್ಟಿ, ಮೊಟ್ಟೆ, ಬಾಳೆಹಣ್ಣು ಸಾಕು. ಅದನ್ನು ನಾವೇ ಮಾಡಿಕೊಳ್ಳೋಣ.

ಇದನ್ನು ಹೇಳಿದ ದಿನ ಒಬ್ಬ ಗೆಳೆಯ, "ಕ್ಯಾ ಮಿಯಾಂ, ಜೈಲಿಗೆ ಕರ್ಕೊಂಡು ಹೋಗ್ತೀಯಾ ಕ್ಯಾಂಪಿಗಾ?" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಬಿರಿಯಾನಿಯ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಆದರೆ ಕ್ಯಾಂಪಿನ ಊಟದ ಪಟ್ಟಿ ಬರೆಯುವಾಗ ಯಾರು ಕ್ಯಾಂಪಿಗೆ ಬರಬಹುದು, ಯಾರು ಬರಲಾಗದು ಎಂಬ ಪಟ್ಟಿಯನ್ನೂ ಗೊತ್ತಿಲ್ಲದೆ ಬರೆಯುತ್ತೇವೆ. ಅದಕ್ಕಾಗಿ ಈ ಲೇಖನ.

ಲೆಕ್ಕದಿಂದಲೇ ಶುರು ಮಾಡುತ್ತೇನೆ, ಕಾಮರ್ಸ್ ವಿದ್ಯಾರ್ಥಿಗೆ ಅದೇ ಸುಲಭ. ಕಳೆದ ವರ್ಷದ ಹುಡುಗರ ಕ್ಯಾಂಪಿಗೆ ತಲೆಗೆ 2,000 ರೂಪಾಯಿ ಕಟ್ಟಿದ್ದೆವು. ಅದರಲ್ಲಿ ಊಟಕ್ಕೆ 900, ಬಸ್ಸಿಗೆ 1,000, ಜಾಗಕ್ಕೆ 100. ಎರಡು ರಾತ್ರಿ, ಮೂರು ದಿನ. ಉಪನ್ಯಾಸಕರ ಸೀಟು ಬಿಟ್ಟು ಬಸ್ಸಿನಲ್ಲಿ ನಮಗೆ 40 ಸೀಟು ಇತ್ತು. ಹೋದವರು 30 ಮಂದಿ. ಬಸ್ ಬಾಡಿಗೆ 30,000 ರೂಪಾಯಿಯನ್ನು 30 ಮಂದಿ ಹಂಚಿಕೊಂಡೆವು, ಹತ್ತು ಸೀಟು ಖಾಲಿ ಹೋದವು.

ಆ ಹತ್ತು ಸೀಟು ಏಕೆ ಖಾಲಿ ಹೋದವು? ಹೆಸರು ಕೊಟ್ಟು ಆಮೇಲೆ ಹಿಂದಕ್ಕೆ ಸರಿದವರು ಹೇಳಿದ ಕಾರಣಗಳು ನಿಮಗೂ ನೆನಪಿರಬಹುದು. ಒಬ್ಬನಿಗೆ ತಬಿಯತ್ ಸರಿ ಇಲ್ಲ. ಒಬ್ಬನ ಮನೆಯಲ್ಲಿ ಶಾದಿ. ಒಬ್ಬನಿಗೆ ಅಬ್ಬಾ ಬೇಡ ಅಂದರಂತೆ. ಕಾರಣ ಬೇರೆ ಬೇರೆ, ಆದರೆ ದುಡ್ಡು ಕಟ್ಟುವ ಕೊನೆಯ ದಿನವೇ ಅಷ್ಟೂ ಕಾರಣಗಳು ಒಟ್ಟಿಗೆ ಬಂದವು. ನಮ್ಮ ಕಾಲೇಜಿನಲ್ಲಿ ಓದುವವರಲ್ಲಿ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರ ಮಕ್ಕಳಿದ್ದಾರೆ, ಆಟೋ ಓಡಿಸುವವರ, ಗ್ಯಾರೇಜಿನಲ್ಲಿ ಕೆಲಸ ಮಾಡುವವರ, ಮನೆಯಲ್ಲೇ ಬಟ್ಟೆ ಹೊಲಿಯುವ ತಾಯಂದಿರ ಮಕ್ಕಳಿದ್ದಾರೆ. ಮೂರು ದಿನಕ್ಕೆ 2,000 ರೂಪಾಯಿ ಎಂದರೆ ಅಂಥ ಮನೆಯಲ್ಲಿ ಏನು ಎಂದು ವಿವರಿಸಬೇಕಾಗಿಲ್ಲ.

"ದುಡ್ಡಿಲ್ಲದವರಿಗೆ ಕಾಲೇಜು ರಿಯಾಯಿತಿ ಕೊಡುತ್ತದಲ್ಲ?" ಎಂದು ಕೇಳಬಹುದು. ಕೊಡುತ್ತದೆ, ನಿಜ. ಆದರೆ ರಿಯಾಯಿತಿ ಬೇಕಾದವನು ಹೋಗಿ ಕೇಳಬೇಕು. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಒಳಗೆ ನಾಲ್ಕು ಜನ ಕೇಳಿಸಿಕೊಳ್ಳುವಂತೆ, ನಮ್ಮ ಮನೆಯಲ್ಲಿ ಆಗುವುದಿಲ್ಲ ಸರ್ ಎನ್ನಬೇಕು. ಹದಿನೇಳು ವರ್ಷದ ಹುಡುಗ ಆ ಮಾತು ಹೇಳುವುದಕ್ಕಿಂತ ತಬಿಯತ್ ಸರಿ ಇಲ್ಲ ಎನ್ನುವುದನ್ನೇ ಆರಿಸಿಕೊಳ್ಳುತ್ತಾನೆ. ಶುಲ್ಕವೇ ಕಡಿಮೆ ಇದ್ದರೆ ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ರಿಯಾಯಿತಿಗೂ ಕಡಿಮೆ ಶುಲ್ಕಕ್ಕೂ ಇರುವ ವ್ಯತ್ಯಾಸ ಇದು.

ಹಾಗಾದರೆ ಶುಲ್ಕದಲ್ಲಿ ಯಾವುದನ್ನು ಇಳಿಸಬಹುದು? ಬಸ್ ಬಾಡಿಗೆ ಸ್ಥಿರ ವೆಚ್ಚ. 30 ಜನ ಹೋದರೂ ಅಷ್ಟೇ, 40 ಜನ ಹೋದರೂ ಅಷ್ಟೇ. ಜಾಗದ ಬಾಡಿಗೆ ಆಗಲೇ ಕಡಿಮೆ. ನಮ್ಮ ಕೈಯಲ್ಲಿರುವುದು ಊಟವೊಂದೇ. ಇದರಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಊಟ ಅಗ್ಗವಾದರೆ ಹೆಚ್ಚು ಹುಡುಗರು ಬರುತ್ತಾರೆ, ಖಾಲಿ ಸೀಟು ತುಂಬುತ್ತವೆ, ಸೀಟು ತುಂಬಿದರೆ ಬಸ್ಸಿನ ಪಾಲೂ ಇಳಿಯುತ್ತದೆ. ಅಂದರೆ ಊಟದಲ್ಲಿ ಉಳಿಸಿದ ದುಡ್ಡು ಎರಡು ಕಡೆ ಕೆಲಸ ಮಾಡುತ್ತದೆ.

ಇನ್ನು ಊಟದ ಪಟ್ಟಿ. ಸುಮ್ಮನೆ "ಸಿಂಪಲ್ ಆಗಿ ಮಾಡೋಣ" ಎಂದರೆ ಸಾಲದು, ಹೊತ್ತು ಹೊತ್ತಿನ ಯೋಜನೆ ಬೇಕು.

ಮೊದಲ ದಿನ ಮಧ್ಯಾಹ್ನದ ಊಟ ಮನೆಯಿಂದಲೇ ಬರಲಿ. ಉರ್ದುವಿನಲ್ಲಿ ತೋಶಾ ಎನ್ನುತ್ತೇವೆ, ಕನ್ನಡದಲ್ಲಿ ಬುತ್ತಿ. ಯಾವ ಮನೆಯಲ್ಲಾದರೂ ಬುತ್ತಿ ಕಟ್ಟುವುದು ಕಷ್ಟವಲ್ಲ. ಸಂಜೆ ಡೇರೆ ಹಾಕಿದ ಮೇಲೆ ಚಹಾ, ಮಂಡಕ್ಕಿ. ರಾತ್ರಿ ಹೆಸರುಬೇಳೆ ಖಿಚಡಿ, ಜೊತೆಗೆ ಖಟ್ಟಾ. ಖಟ್ಟಾ ನಮ್ಮ ದಖ್ಖನಿ ಮನೆಗಳ ಜಾಣ ಅಡುಗೆ. ಹುಣಸೆರಸ, ಹುರಿದು ಪುಡಿ ಮಾಡಿದ ಎಳ್ಳು ಮತ್ತು ಶೇಂಗಾ, ಹಸಿ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಉಪ್ಪು. ಎಳ್ಳು, ಶೇಂಗಾ ಪುಡಿಯನ್ನು ಮನೆಯಲ್ಲೇ ಮಾಡಿ ಒಯ್ದರೆ ಅಲ್ಲಿ ಖಟ್ಟಾಕ್ಕೆ ಒಲೆಯೇ ಬೇಡ.

ಎರಡನೇ ದಿನ ಬೆಳಗ್ಗೆ ಒಗ್ಗರಣೆ ಅವಲಕ್ಕಿ, ಚಹಾ. ಝೆಡ್ ಪಾಯಿಂಟ್ ಕಡೆ ನಡೆಯಲು ಹೊರಡುವಾಗ ಪ್ರತಿಯೊಬ್ಬನ ಚೀಲಕ್ಕೆ ಮೂರು ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಬಾಳೆಹಣ್ಣು, ಒಂದು ಹಿಡಿ ಖರ್ಜೂರ, ಚಿಕ್ಕಿ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಮುರಿದರೂ ರುಚಿ ಕೆಡುವುದಿಲ್ಲ. ರಾತ್ರಿ ಅನ್ನ, ಟೊಮೆಟೊ ಹಾಕಿದ ಮಸೂರ್ ದಾಲ್, ಬೇಯಿಸಿದ ಮೊಟ್ಟೆ. ಮಲಗುವ ಮುಂಚೆ ನಿಂಬೆಹಣ್ಣು ಹಿಂಡಿದ ಸುಲೈಮಾನಿ ಚಹಾ. ಮೂರನೇ ದಿನ ಬೆಳಗ್ಗೆ ತರಕಾರಿ ಉಪ್ಪಿಟ್ಟು. ವಾಪಸ್ ಬರುವ ಬಸ್ಸಿನಲ್ಲಿ ಮಂಡಕ್ಕಿ, ಬಾಳೆಹಣ್ಣು. ಸಂಜೆಗೆ ಮುಂಚೆ ಎಲ್ಲರೂ ಮನೆಯಲ್ಲಿರುತ್ತಾರೆ, ಬಿರಿಯಾನಿ ಬೇಕಾದವರು ರಾತ್ರಿಗೆ ಅಮ್ಮಿಯನ್ನು ಕೇಳಲಿ.

ಬೇಳೆ ಆರಿಸುವಾಗಲೂ ಕಾರಣ ಬೇಕು. ಕೆಮ್ಮಣ್ಣುಗುಂಡಿ ಸಮುದ್ರಮಟ್ಟದಿಂದ 1,400 ಮೀಟರಿಗಿಂತ ಎತ್ತರದಲ್ಲಿದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ ನೀರು ಕುದಿಯುವ ಉಷ್ಣಾಂಶವೂ ಇಳಿಯುತ್ತದೆ ಎಂದು ಹೈಸ್ಕೂಲಿನಲ್ಲಿ ಓದಿದ್ದೇವೆ. ಅಲ್ಲಿ ನೀರು ನೂರು ಡಿಗ್ರಿಯಲ್ಲಲ್ಲ, ಸುಮಾರು 95 ಡಿಗ್ರಿಯಲ್ಲೇ ಕುದಿಯುತ್ತದೆ. ಎಷ್ಟು ಉರಿ ಹಾಕಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗುವುದಿಲ್ಲ. ಅಂಥ ಕಡೆ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಿಸಲು ಹೋದರೆ ಗ್ಯಾಸೂ ಮುಗಿಯುತ್ತದೆ, ತಾಳ್ಮೆಯೂ ಮುಗಿಯುತ್ತದೆ. ಕಡಲೆಕಾಳು, ರಾಜ್ಮಾ ಮಾತೇ ಬೇಡ. ಹೆಸರುಬೇಳೆ, ಮಸೂರ್ ಬೇಳೆ ಬೇಗ ಬೇಯುತ್ತವೆ. ಅರ್ಧ ಗಂಟೆ ನೆನೆಸಿಟ್ಟರೆ ಇನ್ನೂ ಬೇಗ.

ನಲವತ್ತು ಜನರಿಗೆ ಎಷ್ಟು ಸಾಮಾನು? ಖಿಚಡಿಗೆ ತಲೆಗೆ 125 ಗ್ರಾಂ ಅಕ್ಕಿ, 50 ಗ್ರಾಂ ಬೇಳೆ ಎಂದರೆ 5 ಕಿಲೋ ಅಕ್ಕಿ, 2 ಕಿಲೋ ಹೆಸರುಬೇಳೆ. ನಡೆದು ದಣಿದ ಎರಡನೇ ರಾತ್ರಿಗೆ ಸ್ವಲ್ಪ ಹೆಚ್ಚು, 6 ಕಿಲೋ ಅಕ್ಕಿ, 2 ಕಿಲೋ ಮಸೂರ್. ಅವಲಕ್ಕಿ ಮೂರೂವರೆ ಕಿಲೋ, ರವೆ ಮೂರೂವರೆ ಕಿಲೋ, ಮಂಡಕ್ಕಿ 5 ಕಿಲೋ. ರೊಟ್ಟಿ 120, ಮೊಟ್ಟೆ 70. ದಿನಸಿ ಅಂಗಡಿಯಲ್ಲಿ, ಸಂತೆಯಲ್ಲಿ ದರ ಕೇಳಿಕೊಂಡು ಬಂದು ಲೆಕ್ಕ ಹಾಕಿದ್ದೇನೆ. ಅಕ್ಕಿ, ಬೇಳೆ, ಅವಲಕ್ಕಿ, ರವೆ, ಮಂಡಕ್ಕಿ ಸೇರಿ 1,910 ರೂಪಾಯಿ. ರೊಟ್ಟಿ, ಶೇಂಗಾ, ಚಟ್ನಿಪುಡಿ, ಮೊಟ್ಟೆ 2,030. ಎಣ್ಣೆ, ತುಪ್ಪ, ಈರುಳ್ಳಿ, ಟೊಮೆಟೊ, ತರಕಾರಿ, ಹುಣಸೆ, ಎಳ್ಳು, ಮಸಾಲೆ 2,280. ಚಹಾಪುಡಿ, ಸಕ್ಕರೆ, ಹಾಲಿನ ಪುಡಿ, ಬಾಳೆಹಣ್ಣು, ಖರ್ಜೂರ, ಚಿಕ್ಕಿ 2,500. ಗ್ಯಾಸ್ ಮತ್ತು ದೊಡ್ಡ ಒಲೆಯ ಬಾಡಿಗೆ 1,000. ಒಟ್ಟು 9,720. ಬೆಲೆ ಏರಬಹುದು, ಏನಾದರೂ ಚೆಲ್ಲಬಹುದು ಎಂದು ಇನ್ನೊಂದು 1,080 ಸೇರಿಸಿದರೆ 10,800. ತಲೆಗೆ 270 ರೂಪಾಯಿ. ಉಪನ್ಯಾಸಕರ ಪಾಲನ್ನು ಇದೇ ಪ್ರಮಾಣದಲ್ಲಿ ಕಾಲೇಜು ಭರಿಸಲಿ.

ಈಗ ಕೂಡಿಸಿ ನೋಡಿ. ಊಟ 270, ಜಾಗ 100. ಬಸ್ ಬಾಡಿಗೆ ಕಳೆದ ವರ್ಷದಷ್ಟೇ ಇದ್ದು 40 ಸೀಟೂ ತುಂಬಿದರೆ 750. ಒಟ್ಟು 1,120. ಕಳೆದ ವರ್ಷದ 2,000ಕ್ಕೆ ಹೋಲಿಸಿದರೆ 880 ರೂಪಾಯಿ ಕಡಿಮೆ. 1,120 ಕೂಡ ಸಣ್ಣ ಮೊತ್ತವಲ್ಲ, ಗೊತ್ತು. ಆದರೆ ಎರಡು ತಿಂಗಳ ಮುಂಚೆ ಹೇಳಿದರೆ ವಾರಕ್ಕೆ 140ರಂತೆ ಎಂಟು ಕಂತಿನಲ್ಲಿ ಕಟ್ಟಬಹುದಾದ ಮೊತ್ತ. ಭಾನುವಾರ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗ ಮನೆಯಲ್ಲಿ ಕೈ ಚಾಚದೆ ತಾನೇ ಹೊಂದಿಸಬಹುದು.

ದುಡ್ಡಿನ ಮಾತು ಬಿಟ್ಟು ನೋಡಿದರೂ ಕ್ಯಾಂಪಿಗೆ ಬಿರಿಯಾನಿ ಹೊಂದುವುದಿಲ್ಲ. ಮಾಂಸವನ್ನು ದಾವಣಗೆರೆಯಲ್ಲಿ ಬೆಳಗ್ಗೆ ತೆಗೆದುಕೊಂಡು, ಬಸ್ಸಿನಲ್ಲಿ ಒಯ್ದು, ಡೇರೆ ಹಾಕಿ, ಸಂಜೆ ಒಲೆಗೆ ಏರಿಸುವಷ್ಟರಲ್ಲಿ ಹತ್ತು ಗಂಟೆ ದಾಟುತ್ತದೆ. ಬೇಗ ಕೆಡುವ ಆಹಾರವನ್ನು ಹೊರಗಿನ ಉಷ್ಣಾಂಶದಲ್ಲಿ 2 ಗಂಟೆಗಿಂತ ಹೆಚ್ಚು ಇಡಬಾರದು, ತಣ್ಣಗಿಡುವುದಾದರೆ 5 ಡಿಗ್ರಿಗಿಂತ ಕೆಳಗೆ, ಬಿಸಿಯಾಗಿಡುವುದಾದರೆ 60 ಡಿಗ್ರಿಗಿಂತ ಮೇಲೆ ಇಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಸ್ಸಿನ ಡಿಕ್ಕಿಯಲ್ಲಿ ಫ್ರಿಜ್ ಇಲ್ಲ. ಅಲ್ಲೇ ಕೊಳ್ಳೋಣ ಎಂದರೆ ಗುರುತಿಲ್ಲದ ಊರಿನಲ್ಲಿ ಹಲಾಲ್ ಅಂಗಡಿ ಹುಡುಕುತ್ತಾ ಅರ್ಧ ದಿನ ಕಳೆಯಬೇಕು. ಹೊಟ್ಟೆ ಕೆಟ್ಟರೆ ಡೇರೆಯ ಪಕ್ಕದಲ್ಲಿ ಆಸ್ಪತ್ರೆಯೂ ಇಲ್ಲ.

ಇದೇ ನಿಯಮ ನನ್ನ ಖಿಚಡಿಗೂ ಅನ್ವಯಿಸುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ಅನ್ನ ಬೆಂದರೂ ಅವು ಸಾಯದೆ ಉಳಿಯಬಲ್ಲವು, ಅನ್ನ ಹೊರಗೆ ಗಂಟೆಗಟ್ಟಲೆ ಇದ್ದರೆ ಬೆಳೆದು ವಿಷ ಉಂಟುಮಾಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ರಾತ್ರಿಯ ಅನ್ನ ಉಳಿಸಿ ಬೆಳಗ್ಗೆ ಚಿತ್ರಾನ್ನ ಮಾಡುವ ಯೋಚನೆ ಕ್ಯಾಂಪಿನಲ್ಲಿ ಬೇಡ. ಅಳತೆ ಮಾಡಿ ಬೇಯಿಸಬೇಕು, ಬಿಸಿ ಇರುವಾಗಲೇ ಬಡಿಸಬೇಕು, ಮುಗಿಸಬೇಕು. ಮೇಲೆ ಹೇಳಿದ ಗ್ರಾಂ ಲೆಕ್ಕ ಜಿಪುಣತನಕ್ಕಲ್ಲ, ಇದಕ್ಕೆ.

ಬೆಂಕಿಯ ವಿಷಯವೂ ಇದೆ. ಕಟ್ಟಿಗೆ ಉರಿಯಲ್ಲಿ ಡೇಗ್ ಇಟ್ಟು, ಮೇಲೆ ಕೆಂಡ ಹಾಕಿ ದಮ್ ಕೊಡಬೇಕೆಂಬುದು ಹಲವರ ಆಸೆ. ನಾವು ಹೋಗುವ ಜಾಗದ ಸುತ್ತ ಕಾಡು, ಹುಲ್ಲುಗಾವಲು. ಮಳೆ ನಿಂತ ಮೇಲೆ ಆ ಹುಲ್ಲು ಒಣಗುತ್ತಾ ಬರುತ್ತದೆ. ಮೀಸಲು ಅರಣ್ಯದಲ್ಲಿ ಬೆಂಕಿ ಹೊತ್ತಿಸುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ತೋಟದ ಬಯಲು ಖಾಸಗಿ ಜಾಗ ಇರಬಹುದು, ಆದರೆ ಗಾಳಿಗೆ ಹಾರುವ ಕಿಡಿಗೆ ಬೇಲಿ ಗೊತ್ತಿಲ್ಲ. ಖಿಚಡಿಗೆ ಗ್ಯಾಸ್ ಒಲೆ ಸಾಕು, ಅಡುಗೆ ಮುಗಿದ ಕ್ಷಣ ಆರಿಸಬಹುದು.

ಗುತ್ತಿಗೆ ಊಟದ ಜೊತೆ ಬರುವ ತಟ್ಟೆ, ಲೋಟ, ಚಮಚಗಳ ರಾಶಿಯೂ ಕಡಿಮೆಯಾಗುತ್ತದೆ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಲಾಗಿದೆ. ಕಳೆದ ವರ್ಷ ನಮ್ಮ ಗುಡಾರಗಳ ಹಿಂದೆ ಬಿದ್ದಿದ್ದವು ಯಾವುವು ಎಂದು ಹೋದವರಿಗೆ ಗೊತ್ತು. ಪ್ರತಿಯೊಬ್ಬನೂ ಮನೆಯಿಂದ ಒಂದು ಸ್ಟೀಲ್ ತಟ್ಟೆ, ಒಂದು ಲೋಟ ತರಲಿ. ತಿಂದವನೇ ತೊಳೆಯಲಿ.

ನನಗೆ ದುಡ್ಡಿನಷ್ಟೇ ಮುಖ್ಯವಾಗಿ ಕಾಣುವ ಇನ್ನೊಂದು ಕಾರಣವಿದೆ. ನಮ್ಮ ಕಾಲೇಜಿನಲ್ಲಿ ಮಾಂಸ ತಿನ್ನದ ಗೆಳೆಯರು ಇದ್ದಾರೆ, ಉಪನ್ಯಾಸಕರೂ ಇದ್ದಾರೆ. ಕಳೆದ ವರ್ಷ ಅವರಿಗೆಂದು ಪ್ರತ್ಯೇಕ ಮೊಸರನ್ನದ ಪೊಟ್ಟಣ ತರಿಸಲಾಗಿತ್ತು. ಮರ್ಯಾದೆಗೇನೂ ಕೊರತೆ ಮಾಡಲಿಲ್ಲ. ಆದರೆ ಎಲ್ಲರೂ ಉದ್ದನೆಯ ದಸ್ತರ್‌ಖಾನಿನ ಸುತ್ತ ಬಿಸಿ ಬಿರಿಯಾನಿಗೆ ಕೂತಾಗ ಆ ನಾಲ್ಕು ಮಂದಿ ಬಸ್ಸಿನ ಮೆಟ್ಟಿಲ ಮೇಲೆ ಕೂತು ತಣ್ಣನೆಯ ಪೊಟ್ಟಣ ಬಿಚ್ಚಿಕೊಂಡರು. ಅವರನ್ನು ಅಲ್ಲಿ ಕೂರಿಸಿದವರು ಯಾರೂ ಇಲ್ಲ. ಪಟ್ಟಿಯೇ ಕೂರಿಸಿತು. ನಮ್ಮ ಮನೆಗಳಲ್ಲಿ ದಸ್ತರ್‌ಖಾನ್ ಹಾಸುವುದೇ ಒಟ್ಟಿಗೆ ಕೂತು ಉಣ್ಣಲು. ಖಿಚಡಿಯನ್ನು ಎಲ್ಲರೂ ಒಂದೇ ಪಾತ್ರೆಯಿಂದ ಬಡಿಸಿಕೊಳ್ಳಬಹುದು.

ಇಲ್ಲಿಯೂ ಒಂದು ಎಚ್ಚರ ಬೇಕು. ಶಾಮಿಯಾನ ಅಂಗಡಿಯಿಂದ ಬಾಡಿಗೆಗೆ ತರುವ ಪಾತ್ರೆಗಳಲ್ಲಿ ನಿನ್ನೆ ಏನು ಬೆಂದಿತ್ತೋ ಗೊತ್ತಿರುವುದಿಲ್ಲ. ಕೆಲವು ಮನೆಗಳಿಗೆ ಅದು ದೊಡ್ಡ ವಿಷಯ, ನಮಗೆ ಹಲಾಲ್ ಹೇಗೋ ಹಾಗೆ. ಆದ್ದರಿಂದ ಪಾತ್ರೆ ಎಲ್ಲಿಂದ ತರಬೇಕು ಎಂಬುದನ್ನು ಆ ಗೆಳೆಯರನ್ನೇ ಕೇಳಿ ತೀರ್ಮಾನಿಸೋಣ. ಮೊಟ್ಟೆ ಬೇಯಿಸಲು ಬೇರೆ ಪಾತ್ರೆ ಇರಲಿ, ಬೇಕಾದವರು ಪಕ್ಕದಿಂದ ತೆಗೆದುಕೊಳ್ಳಲಿ. ಸಣ್ಣ ಕೆಲಸ, ಆದರೆ ಕೇಳದೆ ಮಾಡಿದರೆ ಒಂದೇ ಪಾತ್ರೆಯ ಮಾತಿಗೆ ಅರ್ಥವಿಲ್ಲ.

ಬಿರಿಯಾನಿಯ ಪರವಾಗಿ ಇರುವ ಮಾತುಗಳೂ ಸುಳ್ಳಲ್ಲ. ಮೊದಲನೆಯದು ಖುಷಿಯ ಮಾತು. ವರ್ಷಕ್ಕೊಮ್ಮೆ ಹೋಗುವುದು, ಅಲ್ಲೂ ಬೇಳೆ ತಿನ್ನಬೇಕಾ? ನಮ್ಮ ಕಡೆ ಶಾದಿ, ಅಖೀಖಾ, ಈದ್, ಯಾವುದಕ್ಕಾದರೂ ಬಿರಿಯಾನಿ ಇದ್ದೇ ಇರುತ್ತದೆ. ಖುಷಿ ಎಂದರೆ ಬಿರಿಯಾನಿ ಎಂದು ನಾಲಿಗೆ ಕಲಿತುಬಿಟ್ಟಿದೆ. ಆದರೆ ಅದೇ ಕಾರಣಕ್ಕೆ ಬಿರಿಯಾನಿ ನಮಗೆ ಅಪರೂಪವೂ ಅಲ್ಲ. ಅಪರೂಪವಾಗಿರುವುದು ಮಂಜಿನಲ್ಲಿ ನಡುಗುತ್ತಾ ಕೂತು, ತಾವೇ ಬೇಯಿಸಿದ ಬಿಸಿ ಖಿಚಡಿಗೆ ತುಪ್ಪ ಹಾಕಿಕೊಂಡು ತಿನ್ನುವುದು. ಡಿಸೆಂಬರ್ ರಾತ್ರಿ ಆ ಎತ್ತರದಲ್ಲಿ ಬೇಕಾಗುವುದು ಬಿಸಿ.

ಎರಡನೆಯದು ಶಕ್ತಿಯ ಮಾತು. ಬೆಟ್ಟ ಹತ್ತುವವರಿಗೆ ಪ್ರೋಟೀನ್ ಬೇಕು ಎನ್ನುತ್ತಾರೆ. ಬೇಕು, ಸರಿ. ಅಕ್ಕಿ, ಬೇಳೆ ಸೇರಿದಾಗ ಒಂದರಲ್ಲಿ ಕಡಿಮೆ ಇರುವ ಅಮೈನೋ ಆಮ್ಲವನ್ನು ಇನ್ನೊಂದು ತುಂಬುತ್ತದೆ. ಅದರ ಮೇಲೆ ಶೇಂಗಾ ಇದೆ, ಮೊಟ್ಟೆ ಇದೆ. ಮೂರು ದಿನಕ್ಕೆ ಇದು ಧಾರಾಳ. ಬೆಟ್ಟ ಹತ್ತುವಾಗ ಬೇಕಾಗುವುದು ಹೊಟ್ಟೆ ಭಾರ ಮಾಡದೆ ಬೇಗ ಶಕ್ತಿ ಕೊಡುವ ತಿಂಡಿ. ಅದಕ್ಕೆ ಖರ್ಜೂರ, ಚಿಕ್ಕಿ, ಬಾಳೆಹಣ್ಣು.

ಮೂರನೆಯದು ಮರ್ಯಾದೆಯ ಮಾತು. ಸರ್‌ಗಳು ಜೊತೆಗಿರುವಾಗ ಬರೀ ಖಿಚಡಿ ಇಟ್ಟರೆ ಏನೆಂದುಕೊಳ್ಳುತ್ತಾರೆ? ಮೆಹಮಾನ್ ನವಾಜಿ ನಮ್ಮ ಮನೆಗಳ ಹೆಮ್ಮೆ, ನಿಜ. ಆದರೆ ಕ್ಯಾಂಪಿನಲ್ಲಿ ಯಾರೂ ಮೆಹಮಾನ್ ಅಲ್ಲ, ಎಲ್ಲರೂ ಮುಸಾಫಿರರು. ಪ್ರಯಾಣಿಕರ ಊಟ ಹೇಗಿತ್ತು ಎಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಖೈಬರ್ ದಾರಿಯಲ್ಲಿ ಪ್ರವಾದಿಯವರು (ಸ) ಊಟ ತರಿಸಿದಾಗ ಬಂದದ್ದು ಸವೀಕ್ ಮಾತ್ರ, ಎಲ್ಲರೂ ಅದನ್ನೇ ತಿಂದರು ಎಂದು ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಸವೀಕ್ ಎಂದರೆ ಹುರಿದ ಧಾನ್ಯದ ಹಿಟ್ಟು. ನಮ್ಮ ಹಳ್ಳಿಗಳ ಹುರಿಹಿಟ್ಟಿನ ಅಣ್ಣ ಎನ್ನಬಹುದು. ಹೊತ್ತೊಯ್ಯಲು ಹಗುರ, ಕೆಡುವುದಿಲ್ಲ, ಒಲೆ ಬೇಡ. ದಾರಿಯ ಊಟಕ್ಕೆ ಅಂದಿಗೂ ಇಂದಿಗೂ ಬೇಕಾದ ಗುಣಗಳು ಅವೇ.

ನಮ್ಮೂರಿನಲ್ಲಿ ಆ ಗುಣಗಳೆಲ್ಲ ಇರುವ ತಿಂಡಿ ಮಂಡಕ್ಕಿ. ಬೆಣ್ಣೆದೋಸೆ ಬಿಟ್ಟರೆ ದಾವಣಗೆರೆಯ ಹೆಸರು ಹೇಳುವುದು ಮಂಡಕ್ಕಿಯೇ. ಉಪ್ಪು ಹಚ್ಚಿದ ಅಕ್ಕಿ ಭಟ್ಟಿಯ ಕಾದ ಮರಳಿನಲ್ಲಿ ಅರಳಿ ಬರುವುದನ್ನು ನಮ್ಮಲ್ಲಿ ಅನೇಕರು ಮನೆಯ ಬೀದಿಯಲ್ಲೇ ನೋಡಿ ಬೆಳೆದಿದ್ದೇವೆ. ಒಂದು ದೊಡ್ಡ ಚೀಲ ತುಂಬಿದರೂ ಒಬ್ಬ ಎತ್ತಬಹುದು. ಈರುಳ್ಳಿ, ಟೊಮೆಟೊ, ಖಾರ, ಎಣ್ಣೆ ಕಲಸಿದರೆ ಐದು ನಿಮಿಷದಲ್ಲಿ ತಿಂಡಿ ಸಿದ್ಧ. ಮಲೆನಾಡಿನ ಮಂಜಿಗೆ ಮೆತ್ತಗಾಗದಂತೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಒಯ್ದರಾಯಿತು. ಕ್ಯಾಂಪಿನ ಮಂಡಕ್ಕಿಯನ್ನು ನಮ್ಮ ಸಹಪಾಠಿಗಳ ಮನೆಯವರು ದುಡಿಯುವ ಭಟ್ಟಿಗಳಿಂದಲೇ ಕೊಳ್ಳೋಣ. ಮಂಡಕ್ಕಿ ಕ್ಯಾಂಪಿಗೆ ಹೋಗಿ ಅದನ್ನು ಹುರಿದವರ ಮಗ ಊರಲ್ಲೇ ಉಳಿಯುವಂತಾಗದಿರಲಿ ಎಂಬುದೇ ನನ್ನ ಇಷ್ಟೂ ಲೆಕ್ಕದ ಉದ್ದೇಶ.

ನಾಲ್ಕನೆಯದು, ಅಡುಗೆ ಮಾಡುವವರು ಯಾರು ಎಂಬ ಪ್ರಶ್ನೆ. ಬಿರಿಯಾನಿಯ ಪರವಾಗಿ ವಾದಿಸುವ ಹಲವರ ಮನಸ್ಸಿನಲ್ಲಿ ನಿಜವಾಗಿ ಇರುವುದು ಈ ಭಯವೇ ಎಂದು ನನ್ನ ಅನುಮಾನ. ಮನೆಯಲ್ಲಿ ಅಮ್ಮಿ, ಆಪಾ ಮಾಡಿಟ್ಟದ್ದನ್ನು ತಿಂದು ತಟ್ಟೆ ಅಲ್ಲೇ ಬಿಟ್ಟು ಏಳುವ ಹುಡುಗರಿಗೆ ಈರುಳ್ಳಿ ಹೆಚ್ಚುವುದು ದೊಡ್ಡ ಕೆಲಸದಂತೆ ಕಾಣುತ್ತದೆ. ನಮ್ಮ ಕಾಲೇಜಿನ ಹುಡುಗಿಯರು ತಮ್ಮ ಒಂದು ದಿನದ ಶಿಬಿರದಲ್ಲಿ ಅಡುಗೆಯನ್ನು ತಾವೇ ಮಾಡಿಕೊಂಡರು. ಅದನ್ನು ಯಾರೂ ಸಾಹಸ ಎಂದು ಕರೆಯಲಿಲ್ಲ. ನಮಗೆ ಮಾತ್ರ ಅಡುಗೆಯವರು ಬೇಕೇ? ಎಂಟು ಎಂಟು ಮಂದಿಯ ಐದು ಗುಂಪು ಮಾಡಿದರೆ ಎರಡು ರಾತ್ರಿ ಊಟಕ್ಕೆ ಎರಡು, ಎರಡು ಬೆಳಗಿನ ತಿಂಡಿಗೆ ಎರಡು, ಚಹಾ ಮತ್ತು ದಾರಿ ಬುತ್ತಿಗೆ ಒಂದು. ಪ್ರತಿ ಗುಂಪಿಗೆ ಮೂರು ದಿನದಲ್ಲಿ ಒಂದೇ ಸಲ ದೊಡ್ಡ ಕೆಲಸ. ಕ್ಯಾಂಪಿನ ಹಿಂದಿನ ಭಾನುವಾರ ಯಾರದಾದರೂ ಮನೆಯಲ್ಲಿ ಹತ್ತು ಜನರ ಅಳತೆಯ ಖಿಚಡಿ ಮಾಡಿ ನೋಡೋಣ. ಬೇಯಿಸಲು ಬರುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಕೊನೆಯದಾಗಿ, ಕ್ಯಾಂಪ್ ಸಮಿತಿಗೆ ನನ್ನ ಮನವಿ ಮೂರು. ನೋಟಿಸಿನಲ್ಲಿ ಶುಲ್ಕದ ಜೊತೆ ಊಟದ ಪಟ್ಟಿಯನ್ನೂ ಅದರ ಖರ್ಚನ್ನೂ ಒಟ್ಟಿಗೆ ಹಾಕಿ, ಪ್ರತಿ ರೂಪಾಯಿ ಎಲ್ಲಿಗೆ ಹೋಗುತ್ತದೆ ಎಂದು ಎಲ್ಲರಿಗೂ ಕಾಣಲಿ. ಶುಲ್ಕವನ್ನು ಕಂತಿನಲ್ಲಿ ತೆಗೆದುಕೊಳ್ಳಿ, ಕೇಳಿದವರಿಗೆ ಮಾತ್ರವಲ್ಲ, ಎಲ್ಲರಿಗೂ. ಊಟದ ಪಟ್ಟಿ ತೀರ್ಮಾನಿಸುವ ಸಭೆಗೆ ಕಳೆದ ವರ್ಷ ಹೋದವರ ಜೊತೆ ಹೋಗದವರನ್ನೂ ಕರೆಯಿರಿ. ಯಾಕೆ ಬರಲಿಲ್ಲ ಎಂದು ಕೇಳುವುದು ಬೇಡ, ಈ ಸಲ ಏನು ಬೇಯಿಸೋಣ ಎಂದು ಕೇಳಿ.

ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ತಿದ್ದಿ. ಇದಕ್ಕಿಂತ ಅಗ್ಗವಾಗಿ, ಇದಕ್ಕಿಂತ ರುಚಿಯಾಗಿ ಮಾಡುವ ದಾರಿ ಗೊತ್ತಿದ್ದರೆ ಮುಂದಿನ ಸಂಚಿಕೆಗೆ ಬರೆದು ಕೊಡಿ. ಮೊದಲ ರಾತ್ರಿಯ ಈರುಳ್ಳಿ ಹೆಚ್ಚುವ ಗುಂಪಿಗೆ ನನ್ನ ಹೆಸರು ಬರೆದುಕೊಳ್ಳಿ. ಇನ್ನು ಏಳು ಮಂದಿ ಬೇಕು.